ಅಜ್ಜ-ಅಜ್ಜಿ ಬರುತ್ತಿದ್ದಾರೆ, ಮನೆಯಲ್ಲಿ ಪುಟ್ಟ ಮಗು ಇದೆ: ಲಾಂಗ್ ವೀಕೆಂಡ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಮೂರು-ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕಿದೆ. ಅಜ್ಜ-ಅಜ್ಜಿ ಬರುತ್ತಿದ್ದಾರೆ. ಮನೆಯಲ್ಲಿ ಒಂದರಿಂದ ಮೂರು ವರ್ಷದ ನಡುವಿನ ಮಗು ಇದೆ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಯೋಚಿಸುವುದು ಎರಡೇ ವಿಷಯ: ಎಲ್ಲಿ ಸುತ್ತಾಡಿಸೋಣ, ಏನು ಅಡುಗೆ ಮಾಡೋಣ. ಅವೆರಡನ್ನೂ ಆಮೇಲೆ ನೋಡಿಕೊಂಡರೆ ಸಾಕು. ಮೊದಲು ನೋಡಬೇಕಾದದ್ದು ಮಗುವಿನ ನಿದ್ದೆ. ಅದರ ಹಿಂದೆಯೇ ಬರುವುದು, ಅಜ್ಜ-ಅಜ್ಜಿಗೆ ಏನು ಕೆಲಸ ಕೊಡುವುದು ಅನ್ನೋದು. ಮಗು ಹೊತ್ತಿಗೆ ಸರಿಯಾಗಿ ಮಲಗಿ, ಹಿರಿಯರಿಗೆ ಮಗುವಿನ ಜೊತೆ ತಮ್ಮದೇ ಅಂತ ಒಂದು ಕೆಲಸ ಸಿಕ್ಕರೆ ಉಳಿದದ್ದು ಹೇಗೋ ನಡೆದುಹೋಗುತ್ತದೆ. ಇವೆರಡು ಕೆಟ್ಟರೆ ಎಷ್ಟು ಒಳ್ಳೆ ಜಾಗಕ್ಕೆ ಕರೆದುಕೊಂಡು ಹೋದರೂ ಸಂಜೆ ಹೊತ್ತಿಗೆ ಎಲ್ಲರೂ ಸುಸ್ತು, ಎಲ್ಲರ ಮುಖವೂ ಊದಿರುತ್ತದೆ.

ಒಂದೆರಡು ವಾರ ಮೊದಲು: ಫೋನಲ್ಲಿ ಬಿಡಿಸಿ ಮಾತಾಡಿ

"ಬರ್ತೀರಲ್ಲಾ, ಬನ್ನಿ ಬನ್ನಿ" ಅಂತ ಹೇಳಿ ಫೋನ್ ಇಡಬೇಡಿ. ಎಷ್ಟು ಹೊತ್ತಿಗೆ ತಲುಪುತ್ತಾರೆ ಅಂತ ಕೇಳಿ. ಮಗು ಮಧ್ಯಾಹ್ನ ಮಲಗಿದ ಹತ್ತು ನಿಮಿಷಕ್ಕೆ ಸರಿಯಾಗಿ ಬಾಗಿಲಲ್ಲಿ ಗದ್ದಲ ಆದರೆ ಆ ದಿನ ಮುಗಿದಂತೆಯೇ. ಮಗು ಮಧ್ಯಾಹ್ನದ ನಿದ್ದೆ ಮುಗಿಸಿ, ಏನಾದರೂ ತಿಂದು, ಗೆಲುವಾಗಿರುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ರೈಲು, ಬಸ್ಸು, ವಿಮಾನದ ಹೊತ್ತು ನಮ್ಮ ಕೈಲಿಲ್ಲ ಅನ್ನುವುದು ನಿಜ. ಆದರೆ ಎರಡು ಆಯ್ಕೆ ಇದ್ದಾಗ ಯಾವುದನ್ನು ಬುಕ್ ಮಾಡಬೇಕು ಅನ್ನೋದಾದರೂ ಗೊತ್ತಿರಲಿ.

ಅವರ ದೇಹದ ಬಗ್ಗೆಯೂ ಕೇಳಿ, ಸಂಕೋಚ ಬೇಡ. ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತೋಕೆ ಆಗುತ್ತಾ? ರಾತ್ರಿ ಎಷ್ಟು ಸಲ ಏಳುತ್ತಾರೆ? ಮಾತ್ರೆಗೋಸ್ಕರ ಇಷ್ಟು ಹೊತ್ತಿಗೇ ಊಟ ಆಗಬೇಕು ಅಂತ ಇದೆಯಾ? ಸಕ್ಕರೆ ಕಾಯಿಲೆ ಇರುವವರನ್ನು "ಮಗು ಮಲಗಲಿ, ಆಮೇಲೆ ಊಟ ಮಾಡೋಣ" ಅಂತ ಕಾಯಿಸುವ ಹಾಗಿಲ್ಲ. ಇದು ಬಂದ ಮೇಲೆ ಗೊತ್ತಾದರೆ ನಿಮ್ಮ ಇಡೀ ವೇಳಾಪಟ್ಟಿ ತಲೆಕೆಳಗಾಗುತ್ತದೆ.

ನೆಗಡಿ, ಜ್ವರದ ಮಾತನ್ನೂ ಇದೇ ಕರೆಯಲ್ಲಿ ಆಡಿಬಿಡಿ. ಹೊರಡುವ ಮುಂಚಿನ ದಿನ ಯಾರಿಗಾದರೂ ಮೈ ಬಿಸಿ ಇದ್ದರೆ ಹೇಳಬೇಕು ಅಂತ ಒಪ್ಪಂದ ಇರಲಿ, ಎರಡೂ ಕಡೆಯಿಂದ. ಮಗುವಿಗೆ ಮೂಗು ಸೋರುತ್ತಿದ್ದರೆ ನೀವೂ ಹೇಳಬೇಕು. ಪುಟ್ಟ ಮಗುವಿನ ನೆಗಡಿ ವಯಸ್ಸಾದವರ ಎದೆಗೆ ಇಳಿದರೆ ಬೇಗ ಬಿಡುವುದಿಲ್ಲ. ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಈಗಲೇ ಹಾಕಿಸಿಕೊಳ್ಳಲಿ, ಅದು ಕೆಲಸ ಮಾಡೋಕೆ ಸುಮಾರು ಎರಡು ವಾರ ಬೇಕು.

ಇನ್ನೊಂದು ವಿಷಯ, ಇದನ್ನು ಗಂಡ-ಹೆಂಡತಿ ಮೊದಲೇ ಮಾತಾಡಿಕೊಂಡಿರಬೇಕು. ನಿಮ್ಮ ಅಪ್ಪ-ಅಮ್ಮನಿಗೆ ಏನಾದರೂ ಹೇಳಬೇಕಾದರೆ ನೀವೇ ಹೇಳಿ. ಅತ್ತೆ-ಮಾವನಿಗೆ ಹೇಳುವುದು ನಿಮ್ಮ ಸಂಗಾತಿಯ ಕೆಲಸ. "ಹಾಗೆ ಕೊಡಬೇಡಿ" ಅನ್ನೋ ಅದೇ ಮಾತು ಮಗನ ಬಾಯಲ್ಲಿ ಬಂದರೆ ಮಾತು, ಸೊಸೆಯ ಬಾಯಲ್ಲಿ ಬಂದರೆ ಜಗಳ. ಅಳಿಯನ ಬಾಯಲ್ಲಿ ಬಂದರಂತೂ ಊಟದ ಮೇಜೇ ತಣ್ಣಗಾಗುತ್ತದೆ.

ಮಗುವಿಗೆ ಮೊದಲೇ ಮುಖ ಪರಿಚಯ ಮಾಡಿಸಿ

ಕೆಲವು ತಿಂಗಳ ಹಿಂದೆ ನೋಡಿದ ಅಜ್ಜಿ ಒಂದೂವರೆ ವರ್ಷದ ಮಗುವಿನ ಪಾಲಿಗೆ ಬಹುತೇಕ ಹೊಸಬರೇ. ಬರುವ ಮುಂಚಿನ ಒಂದೆರಡು ವಾರ ದಿನಾ ಐದು ನಿಮಿಷ ವಿಡಿಯೊ ಕರೆ ಮಾಡಿ. ಉದ್ದುದ್ದ ಕರೆ ಬೇಡ, ಮಗು ಓಡಿಹೋಗುತ್ತದೆ. ಪ್ರತಿ ಸಲವೂ ಒಂದೇ ಆಟ ಆಡಲಿ. ಅಜ್ಜ ಟವೆಲ್ ಹಿಂದೆ ಮುಖ ಮುಚ್ಚಿಕೊಂಡು "ಎಲ್ಲಿ? ಇಲ್ಲಿ!" ಅನ್ನುವುದಾದರೆ ದಿನಾ ಅದೇ ಟವೆಲ್, ಅದೇ ಮಾತು. ಬಂದ ದಿನ ಅದೇ ಟವೆಲ್ ಹಿಂದಿನಿಂದ ಅದೇ ದನಿ ಕೇಳಿಸಿದರೆ ಮಗುವಿಗೆ ಗುರುತು ಹತ್ತೋದು ಸುಲಭ. ಪರದೆ ತೋರಿಸಬಾರದಲ್ವಾ ಅನ್ನುವ ಅಳುಕು ಬೇಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ ಅಂದಾಗಲೂ ವಿಡಿಯೊ ಕರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು.

"ಇನ್ನು ನಾಲ್ಕು ದಿನಕ್ಕೆ ಅಜ್ಜಿ ಬರ್ತಾರೆ" ಅಂತ ಮಗುವಿಗೆ ಹೇಳಿ ಪ್ರಯೋಜನ ಇಲ್ಲ. ಈ ವಯಸ್ಸಿಗೆ ನಾಲ್ಕು ದಿನವೂ ಒಂದೇ, ನಾಲ್ಕು ತಿಂಗಳೂ ಒಂದೇ. ಹಿಂದಿನ ರಾತ್ರಿ "ತಾಚಿ ಮಾಡಿ ಎದ್ದರೆ ಅಜ್ಜಿ" ಅಂದರೆ ಅರ್ಥವಾಗುತ್ತದೆ.

ಮನೆಯನ್ನು ನೆಲದಲ್ಲಿ ಕೂತು ನೋಡಿ

ನಿಮ್ಮ ಮನೆ ಮಗುವಿಗೆ ಸುರಕ್ಷಿತವಾಗಿರಬಹುದು. ಆದರೆ ಈಗ ಹೊಸ ಸಾಮಾನು ಬರುತ್ತಿದೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಮಾತ್ರೆ. ವಾರದ ಮಾತ್ರೆ ಡಬ್ಬಿ ನೋಡಿದ್ದೀರಲ್ಲ, ಏಳು ಮನೆ, ಏಳು ಮುಚ್ಚಳ, ಒಳಗೆ ಬಣ್ಣಬಣ್ಣದ ಮಾತ್ರೆ. ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಒತ್ತಿದರೆ ಟಕ್ ಅಂತ ತೆರೆಯುತ್ತದೆ. ಮಗುವಿನ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಆಟಿಕೆ ಇನ್ನೊಂದಿಲ್ಲ. ಔಷಧಿ ಬಾಟಲಿಗೆ ಮಕ್ಕಳು ತೆರೆಯಲಾಗದಂಥ ಮುಚ್ಚಳ ಇರಬಹುದು, ಈ ಡಬ್ಬಿಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಡಬ್ಬಿ ಇರುವ ಕೈಚೀಲ ಮಂಚದ ಪಕ್ಕ, ನೆಲದ ಮೇಲೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ಕೆಲವು ಮಾತ್ರೆಗಳು ಒಂದೋ ಎರಡೋ ಹೊಟ್ಟೆಗೆ ಹೋದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ.

ಹಾಗಾಗಿ ಅವರು ಬರುವ ಮೊದಲೇ ಎತ್ತರದ ಶೆಲ್ಫಿನಲ್ಲಿ ಒಂದು ಜಾಗ ಖಾಲಿ ಮಾಡಿ, ಬೀಗ ಇದ್ದರೆ ಇನ್ನೂ ಒಳ್ಳೆಯದು. ಬಾಗಿಲಲ್ಲೇ ಕೇಳಿಬಿಡಿ: "ಅಮ್ಮಾ, ಮಾತ್ರೆ ಎಲ್ಲಾ ಇಲ್ಲಿ ಕೊಡಮ್ಮ, ಮೇಲೆ ಇಡ್ತೀನಿ. ಬೆಳಿಗ್ಗೆ ತಿಂಡಿ ಆದ ತಕ್ಷಣ ನಾನೇ ತೆಗೆದುಕೊಡ್ತೀನಿ." ಕೊನೆಯ ಮಾತು ಮರೆಯಬೇಡಿ. ಮಾತ್ರೆ ಕಣ್ಣ ಮುಂದೆ ಇಲ್ಲದಿದ್ದರೆ ಮರೆತುಹೋಗುತ್ತದೆ ಅನ್ನೋ ಭಯಕ್ಕೇ ಅವರು ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು. ಹಾಗಾಗಿ ಫೋನಿನಲ್ಲಿ ಅಲಾರಾಂ ಇಟ್ಟುಕೊಡಿ. ಮಾತ್ರೆ ನುಂಗುವುದನ್ನು ಮಗುವಿಗೆ ಕಾಣಿಸದ ಹಾಗೆ ಮಾಡಲಿ, ಅದನ್ನು ಯಾರೂ "ಚಾಕ್ಲೇಟ್" ಅಂತ ಕರೆಯದಿರಲಿ. ಮಗು ಮಾತ್ರೆ ನುಂಗಿದೆ ಅನ್ನೋ ಅನುಮಾನ ಬಂದರೂ ಸಾಕು, ಏನಾಗುತ್ತೋ ನೋಡೋಣ ಅಂತ ಕೂರಬೇಡಿ, ವಾಂತಿ ಮಾಡಿಸಬೇಡಿ. ಮಾತ್ರೆಯ ಸ್ಟ್ರಿಪ್ ಕೈಲಿ ಹಿಡಿದು ನೇರ ಆಸ್ಪತ್ರೆಗೆ ಹೊರಡಿ.

ಎರಡನೆಯದು ಬಟನ್ ಸೆಲ್, ಅಂದರೆ ಅಂಗಿ ಗುಂಡಿಯಂಥ ಪುಟ್ಟ ಚಪ್ಪಟೆ ಬ್ಯಾಟರಿ. ಹಿಯರಿಂಗ್ ಏಡ್, ಕಾರಿನ ಕೀ, ಚಿಕ್ಕ ರಿಮೋಟ್, ಥರ್ಮಾಮೀಟರ್, ಎಲ್ಲದರಲ್ಲೂ ಇರುತ್ತದೆ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟುಬಿಡಬಹುದು. ಸೆಲ್ ಬದಲಾಯಿಸುವುದು ಬಾಗಿಲು ಹಾಕಿದ ಕೋಣೆಯಲ್ಲಿ, ಮೇಜಿನ ಮೇಲೆ. ಹಳೇ ಸೆಲ್ ಮಗುವಿನ ಕೈಗೆ ಎಟುಕುವ ಕಸದ ಬುಟ್ಟಿಗೆ ಬೀಳಬಾರದು. ನುಂಗಿರಬಹುದು ಅನ್ನಿಸಿದರೆ ಇಲ್ಲೂ ಕಾಯುವ ಮಾತಿಲ್ಲ.

ಮೂರನೆಯದು ಬಿಸಿ ಬಿಸಿ ಕಾಫಿ-ಟೀ ಲೋಟ. ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಬಿಸಿ ಲೋಟ ಹಿಡಿಯುವುದು ಅಜ್ಜ-ಅಜ್ಜಿಯರಿಗೆಲ್ಲ ಪ್ರೀತಿ. ಆದರೆ ಲೋಟಕ್ಕೆ ಬಗ್ಗಿಸಿ ಕಾಲು ಗಂಟೆ ಆದಮೇಲೂ ಅದು ಮಗುವಿನ ಎಳೆ ಚರ್ಮವನ್ನು ಸುಡಬಲ್ಲದು. ಲೋಟ ಇದ್ದರೆ ಮಗು ಇಲ್ಲ, ಮಗು ಇದ್ದರೆ ಲೋಟ ಇಲ್ಲ. ಸುಟ್ಟೇ ಹೋದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಬೆಣ್ಣೆ ಯಾವುದೂ ಬೇಡ.

ಇನ್ನು ಹಿರಿಯರಿಗೆ ಆಗುವ ಅಪಾಯ. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಆಟಿಕೆ ಕಾರು ಬಿದ್ದಿರಬಾರದು. ದಾರಿಯುದ್ದಕ್ಕೂ ಸಣ್ಣ ದೀಪ ಇರಲಿ. ಬೇಬಿ ಗೇಟ್ ಇದ್ದರೆ ಅದನ್ನು ಹೇಗೆ ತೆರೆಯುವುದು ಅಂತ ಬಂದ ದಿನವೇ ತೋರಿಸಿ, ಅವರ ಕೈಯಲ್ಲೇ ಎರಡು ಸಲ ತೆರೆಸಿ. ತೆರೆಯೋಕೆ ಬಾರದವರು ದಾಟೋಕೆ ನೋಡುತ್ತಾರೆ, ಎಡವಿ ಬೀಳುತ್ತಾರೆ. ಬಾತ್‌ರೂಮಿನಲ್ಲಿ ಜಾರದ ಮ್ಯಾಟ್ ಹಾಕಿ, ಬಕೆಟ್ ಖಾಲಿ ಮಾಡಿ ಮಗುಚಿಡಿ. ಮಗು ಮುಳುಗೋಕೆ ಕೆಲವೇ ಇಂಚು ನೀರು ಸಾಕು, ಸದ್ದೂ ಆಗುವುದಿಲ್ಲ. ಸೂಟ್‌ಕೇಸನ್ನು ನೆಲದ ಮೇಲೆ ಬಾಯಿ ತೆರೆದು ಬಿಡಬೇಡಿ. ರೇಜರ್, ನುಸಿ ಗುಳಿಗೆ, ನೋವಿನ ಮುಲಾಮು ಎಲ್ಲ ಅದರಲ್ಲೇ ಇರುತ್ತದೆ.

ಯಾರು ಎಲ್ಲಿ ಮಲಗುವುದು

ಮಗುವಿನ ಜಾಗ ಬದಲಾಯಿಸದಿದ್ದರೆ ಒಳ್ಳೆಯದು. ಅತಿಥಿಗಳಿಗೆ ಕೋಣೆ ಬಿಡಬೇಕಾದರೆ ನೀವು ಹಾಲ್‌ನಲ್ಲಿ ಮಲಗಿ, ಮಗು ಅಲ್ಲೇ ಇರಲಿ. ಬೇರೆ ದಾರಿ ಇಲ್ಲ, ಮಗುವಿನ ಮಂಚವನ್ನೇ ಸರಿಸಬೇಕು ಅನ್ನುವುದಾದರೆ ಕೆಲವು ದಿನ ಮೊದಲೇ ಸರಿಸಿ ಅಭ್ಯಾಸ ಮಾಡಿಸಿ. ಹೊಸ ಮುಖ, ಹೊಸ ಜಾಗ ಎರಡೂ ಒಂದೇ ರಾತ್ರಿ ಬೇಡ.

"ಇವತ್ತು ನನ್ನ ಪಕ್ಕ ಮಲಗಲಿ" ಅಂತ ಅಜ್ಜಿ ಆಸೆಪಡುತ್ತಾರೆ. ನಿದ್ದೆ ಮಾತ್ರೆಯನ್ನೋ ಮಂಪರು ಬರಿಸುವ ಔಷಧಿಯನ್ನೋ ತೆಗೆದುಕೊಳ್ಳುವವರ ಪಕ್ಕ ಬೇಡ. ಒಂದು ವರ್ಷ ತುಂಬದ ಕೂಸನ್ನು ಯಾರ ಹಾಸಿಗೆಯಲ್ಲೂ ಮಲಗಿಸುವುದು ಬೇಡ. ಎರಡು ದಾಟಿದ ಮಗು, ಗೋಡೆ ಪಕ್ಕದ ಮಂಚ, ಅಜ್ಜಿಗೆ ಎಚ್ಚರದ ನಿದ್ದೆ ಅನ್ನುವುದಾದರೆ ಮಧ್ಯಾಹ್ನದ ನಿದ್ದೆಗೆ ಧಾರಾಳವಾಗಿ ಬಿಡಿ. ಆಗ ಇಬ್ಬರೂ ಮಲಗುತ್ತಾರೆ, ನಿಮಗೂ ಒಂದು ಗಂಟೆ ಸಿಗುತ್ತದೆ.

ದಿನದ ಲೆಕ್ಕ: ಮಧ್ಯಾಹ್ನದ ನಿದ್ದೆಯ ಸುತ್ತ

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಮೂರು ದಾಟಿದ ಮೇಲೆ 10ರಿಂದ 13 ಗಂಟೆ. ಮನೆಗೆ ನೆಂಟರು ಬಂದಾಗ ಮೊದಲು ಕಳೆದುಹೋಗುವುದೇ ಇದು. ಒಂದು ದಿನ ಮಧ್ಯಾಹ್ನ ಮಲಗಲಿಲ್ಲ, ರಾತ್ರಿ ತಡವಾಯಿತು, ಮಾರನೇ ದಿನ ಬೆಳಿಗ್ಗೆಯಿಂದ ಅಳು. ಆಗ ಅಜ್ಜ "ಇದು ಯಾಕೆ ಇಷ್ಟು ಹಠ ಮಾಡುತ್ತೆ?" ಅನ್ನುತ್ತಾರೆ. ಹಠ ಅಲ್ಲ, ನಿದ್ದೆ ಸಾಲದು.

ಸೂತ್ರ ಸರಳ. ದಿನಕ್ಕೆ ಒಂದೇ ತಿರುಗಾಟ, ಅದೂ ಬೆಳಿಗ್ಗೆ. ಒಂಬತ್ತೂವರೆಗೆ ಹೊರಟು, ಹನ್ನೊಂದೂವರೆಗೆಲ್ಲ ಮನೆ ಸೇರಿ, ಊಟ ಮಾಡಿಸಿ ಮಲಗಿಸಿ. ವಾಪಸ್ ಬರುವಾಗ ಕಾರಿನಲ್ಲಿ ಮಗುವಿನ ಕಣ್ಣು ಮುಚ್ಚದ ಹಾಗೆ ನೋಡಿಕೊಳ್ಳಿ. ಕಾರಿನಲ್ಲಿ ಹತ್ತೇ ನಿಮಿಷ ತೂಕಡಿಸಿದರೂ ಎಷ್ಟೋ ಮಕ್ಕಳು ಮನೆಗೆ ಬಂದು ಮಲಗುವುದೇ ಇಲ್ಲ. ಹಿಂದಿನ ಸೀಟಲ್ಲಿ ಅಜ್ಜಿಯನ್ನು ಕೂರಿಸಿ, ಹಾಡು ಹೇಳಲಿ, ಕಿಟಕಿಯಾಚೆ ಏನೇನೋ ತೋರಿಸಲಿ.

ಬಂದ ದಿನ ಎಲ್ಲಿಗೂ ಬೇಡ. ಹೊರಡುವ ದಿನವೂ ಬೇಡ. ನಡುವಿನ ದಿನಗಳಿಗೆ ಒಂದೊಂದು ಜಾಗ ಸಾಕು. ನೆರಳು, ಕೂರೋಕೆ ಬೆಂಚು, ಹತ್ತಿರದಲ್ಲೇ ಶೌಚಾಲಯ ಇರುವ ಜಾಗ ಆರಿಸಿ. ಈ ಮೂರೂ ಮಗುವಿಗೂ ಬೇಕು, ಅಜ್ಜ-ಅಜ್ಜಿಗೂ ಬೇಕು. ಸಾಮಾನ್ಯ ಪಾರ್ಕೇ ಸಾಕು, ದೊಡ್ಡ ಹೆಸರಿನ ಜಾಗ ಮಗುವಿಗೆ ಗೊತ್ತೇ ಆಗುವುದಿಲ್ಲ. ಇದೇ ವಾರಾಂತ್ಯದಲ್ಲಿ ಬೇರೆ ಬಂಧುಗಳನ್ನೂ ಊಟಕ್ಕೆ ಕರೆಯುವ ಆಸೆ ಇದ್ದರೆ ಬಿಟ್ಟುಬಿಡಿ. ಎಲ್ಲರೂ ಸೇರಿ ಫೋಟೊ ತೆಗೆಸಿಕೊಳ್ಳಬೇಕಾ? ಎರಡನೇ ದಿನ, ಮಗು ಮಲಗಿ ಎದ್ದಮೇಲೆ.

ಬಾಗಿಲು ತೆರೆದ ಮೊದಲ ಒಂದು ಗಂಟೆ

ಇಡೀ ವಾರಾಂತ್ಯದಲ್ಲಿ ಹೆಚ್ಚು ಮನಸ್ಸು ನೋಯುವುದು ಇಲ್ಲೇ. ಬಾಗಿಲು ತೆರೆಯುತ್ತದೆ. ಅಜ್ಜಿ ಚೀಲ ಕೆಳಗಿಟ್ಟು ಎರಡೂ ಕೈ ಚಾಚುತ್ತಾರೆ. ಮಗು ನಿಮ್ಮ ಕಾಲ ಹಿಂದೆ ಸೇರಿಕೊಂಡು, ಬಟ್ಟೆ ಹಿಡಿದು, ಮುಖ ಒತ್ತಿಕೊಳ್ಳುತ್ತದೆ. ಅಜ್ಜಿ ಇನ್ನೊಂದು ಹೆಜ್ಜೆ ಮುಂದೆ ಬರುತ್ತಾರೆ. ಮಗು ಕಿರುಚುತ್ತದೆ. "ನನ್ನ ಗುರುತೇ ಇಲ್ಲ ಇದಕ್ಕೆ" ಅಂತ ಅಜ್ಜಿಯ ದನಿ ಇಳಿಯುತ್ತದೆ.

ಇದು ಪ್ರೀತಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲ. ಎಂಟು-ಒಂಬತ್ತು ತಿಂಗಳಿಗೆ ಹೊಸಬರ ಅಂಜಿಕೆ ಶುರುವಾಗುತ್ತದೆ. ಅಪ್ಪ-ಅಮ್ಮನನ್ನು ಬಿಟ್ಟಿರಲಾರದ ತಳಮಳ 10ರಿಂದ 18 ತಿಂಗಳ ನಡುವೆ ಜೋರಾಗಿರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಇದನ್ನು ಬಾಗಿಲಲ್ಲಿ ಹೇಳಿದರೆ ಸಮಾಧಾನ ಮಾಡಿದಂತೆ ಕೇಳುತ್ತದೆ. ಫೋನಲ್ಲೇ ಹೇಳಿಟ್ಟಿರಿ: "ಅಮ್ಮಾ, ಈಗ ಇದು ಎಲ್ಲರ ಹತ್ತಿರವೂ ಹೀಗೇ ಮಾಡುತ್ತೆ. ನೀನು ಬಂದ ತಕ್ಷಣ ಎತ್ಕೋಬೇಡ, ಸುಮ್ನೆ ಕೂತ್ಕೋ. ಅದಾಗೇ ಬರುತ್ತೆ ನೋಡು."

ಬಂದವರು ಮೊದಲು ಕೆಳಗೆ ಕೂರಲಿ. ಚಿಕ್ಕ ಸ್ಟೂಲ್ ಆದರೂ ಸರಿ, ಸೋಫಾದ ಅಂಚಾದರೂ ಸರಿ. ಮಗುವನ್ನೇ ದಿಟ್ಟಿಸಿ ನೋಡದೆ ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತು, ಕೈಗೆ ಏನಾದರೂ ಆಟಿಕೆ ತೆಗೆದುಕೊಂಡು ತಾವೇ ಆಡತೊಡಗಲಿ. ಡಬ್ಬಿಯೊಳಗೆ ಒಂದೊಂದೇ ಬ್ಲಾಕ್ ಹಾಕುವುದು, ಸುರಿಯುವುದು, ಮತ್ತೆ ಹಾಕುವುದು. ನೀವು ಅವರ ಪಕ್ಕದಲ್ಲೇ ಕೂತು ನಗುನಗುತ್ತಾ ಮಾತಾಡಿ. ಹೊಸಬರನ್ನು ನಂಬಬಹುದಾ ಅಂತ ಮಗು ನಿಮ್ಮ ಮುಖ ನೋಡಿ ತೀರ್ಮಾನಿಸುತ್ತದೆ. ನೀವು ಅಡುಗೆಮನೆಗೆ ಓಡಿದರೆ ಮಗು ನಿಮ್ಮ ಹಿಂದೆಯೇ ಓಡುತ್ತದೆ. ನೀರು, ತಿಂಡಿ ಎಲ್ಲ ಮೊದಲೇ ತಂದಿಟ್ಟುಕೊಂಡಿರಿ.

ಹತ್ತು ನಿಮಿಷವೋ ಅರ್ಧ ಗಂಟೆಯೋ, ಮಗು ಹತ್ತಿರ ಬಂದು ಒಂದು ಬ್ಲಾಕ್ ಎತ್ತಿ ಅಜ್ಜಿಯ ಕೈಗೆ ಕೊಡುತ್ತದೆ. ಆಗಲೂ ತಬ್ಬಿಕೊಳ್ಳಬಾರದು! ಥ್ಯಾಂಕ್ಸ್ ಹೇಳಿ ಡಬ್ಬಿಗೆ ಹಾಕಿ, ಇನ್ನೊಂದಕ್ಕೆ ಕೈ ಚಾಚಬೇಕು, ಅಷ್ಟೇ. ಮುದ್ದು ಆಮೇಲೆ ತಾನಾಗಿ ಬರುತ್ತದೆ. "ಅಜ್ಜಿಗೆ ಮುತ್ತು ಕೊಡು" ಅಂತ ದೂಡಬೇಡಿ. ಕೈ ಬೀಸಿದರೂ ಸರಿ, ಅಂಗೈಗೆ ಅಂಗೈ ತಟ್ಟಿದರೂ ಸರಿ.

ಉಡುಗೊರೆ ತಂದಿದ್ದರೆ ಒಂದು ಕೊಟ್ಟು ಉಳಿದದ್ದು ಮುಚ್ಚಿಡಲಿ. ದಿನಕ್ಕೊಂದು ಹೊರಗೆ ಬಂದರೆ ಮೂರು ದಿನಕ್ಕೂ ಹೊಸ ಆಟ ಸಿಕ್ಕಂತೆ.

ಕೆಲಸ ಕೊಡಿ, ಅತಿಥಿ ಮಾಡಬೇಡಿ

ಹಿರಿಯರನ್ನು ಸೋಫಾದಲ್ಲಿ ಕೂರಿಸಿ, ಎಲ್ಲವನ್ನೂ ಕೈಗೇ ತಂದುಕೊಟ್ಟು, "ನೀವು ಆರಾಮಾಗಿರಿ" ಅಂದರೆ ಅವರಿಗೆ ಬೇಜಾರು, ನಿಮಗೆ ದುಡಿತ, ಮಗುವಿಗೆ ಲಾಭ ಇಲ್ಲ. ಪುಟ್ಟ ಮಕ್ಕಳು ಹತ್ತಿರವಾಗುವುದು ದಿನಾ ಅದೇ ಹೊತ್ತಿಗೆ ಅದೇ ಕೆಲಸವನ್ನು ಜೊತೆಗೆ ಮಾಡುವವರಿಗೆ. ಹಾಗಾಗಿ ಅಜ್ಜನಿಗೊಂದು, ಅಜ್ಜಿಗೊಂದು ಕೆಲಸ ಗೊತ್ತುಮಾಡಿ.

ಒಣಗಿದ ಬಟ್ಟೆಯ ರಾಶಿಯನ್ನೇ ತೆಗೆದುಕೊಳ್ಳಿ. ಅಜ್ಜ ಕೈಯಿರುವ ಕುರ್ಚಿಯಲ್ಲಿ ಕೂತಿದ್ದಾರೆ. ಕಾಲ ಹತ್ತಿರ ಬಟ್ಟೆ ಬುಟ್ಟಿ. ಮಗು ಒಂದು ಕಾಲುಚೀಲ ಎತ್ತಿ ತಂದು ಕೊಡುತ್ತದೆ. ಅಜ್ಜ ಅದನ್ನು ಮಂಡಿಯ ಮೇಲೆ ಹರಡಿ "ಇದರ ಜೋಡಿ ಎಲ್ಲಿ?" ಅನ್ನುತ್ತಾರೆ. ಮಗು ಬುಟ್ಟಿಯೊಳಗೆ ತಲೆ ಹಾಕಿ ಹುಡುಕಿ, ಬೇರೆಯದನ್ನೇ ತರುತ್ತದೆ. "ಇದಲ್ಲ, ಇದು ಅಪ್ಪಂದು." ಮತ್ತೆ ಓಟ. ಇಪ್ಪತ್ತು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ಅಜ್ಜ ಮಂಡಿ ಬಗ್ಗಿಸಲಿಲ್ಲ, ಯಾರನ್ನೂ ಎತ್ತಲಿಲ್ಲ. ಮಾರನೇ ದಿನ ಮಗುವೇ ಬುಟ್ಟಿಯನ್ನು ದರದರ ಎಳೆದುಕೊಂಡು ಬಂದರೆ ಆಶ್ಚರ್ಯ ಇಲ್ಲ. ಗಿಡಕ್ಕೆ ನೀರು ಹಾಕುವುದು, ಮಲಗುವ ಮುಂಚಿನ ಕಥೆ, ಹೊರಗೆ ಹೊರಡುವಾಗ ಚಪ್ಪಲಿ ಹಾಕಿಸುವುದು, ಇವೂ ಇದೇ ಬಗೆಯ ಕೆಲಸಗಳು. ಬೆಳಿಗ್ಗೆ ಐದಕ್ಕೇ ಏಳುವ ಅಜ್ಜಿ ಮತ್ತು ಐದೂವರೆಗೆ ಏಳುವ ಮಗು ಒಂದೇ ಮನೆಯಲ್ಲಿದ್ದರೆ ಅದನ್ನು ಅದೃಷ್ಟ ಅಂತ ತಿಳಿದು, ಕೇಳಿಕೊಂಡು, ಎರಡು ಬೆಳಿಗ್ಗೆ ನೆಮ್ಮದಿಯಾಗಿ ಮಲಗಿ.

ಅವರಿಬ್ಬರೂ ಒಂದು ಆಟಕ್ಕೆ ಹೊಂದಿಕೊಂಡ ಮೇಲೆ ನೀವು ಅಲ್ಲಿಂದ ಏಳಿ. ಬಾಗಿಲಲ್ಲಿ ನಿಂತು "ಹಾಗಲ್ಲ, ಹೀಗೆ" ಅಂತ ತಿದ್ದಬೇಡಿ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಪ್ರಪಂಚ ಮುಳುಗುವುದಿಲ್ಲ.

ಎತ್ತಿಕೊಳ್ಳುವ ವಿಷಯ ಮಾತ್ರ ಜೋಪಾನ. ಎರಡರ ಹತ್ತಿರದ ಮಗು 10-12 ಕಿಲೋ ತೂಗುತ್ತದೆ, ಅದೂ ಒದ್ದಾಡುವ ತೂಕ. ನಿಂತಲ್ಲೇ ಬಗ್ಗಿ ಎತ್ತೋದು ಬೇಡ. ಮೊದಲು ತಾವು ಕೂರಲಿ, ಮಗು ತಾನೇ ತೊಡೆ ಹತ್ತಲಿ. ಮಧ್ಯಾಹ್ನ ಹಿರಿಯರಿಗೂ ಒಂದು ಗಂಟೆ ಬಾಗಿಲು ಹಾಕಿಕೊಂಡು ಒಬ್ಬರೇ ಇರಲು ಬಿಡಿ. ಕೆಲವು ಅಜ್ಜಂದಿರಿಗೆ ದೂರದಲ್ಲಿ ಕೂತು ನೋಡುವುದೇ ಇಷ್ಟ, ಅವರನ್ನು ಬಲವಂತ ಮಾಡಬೇಡಿ.

ಊಟದ ಹೊತ್ತು

ಇದನ್ನು ಬೇಗ ಮುಗಿಸೋಣ. "ಏನೂ ತಿಂತಾನೇ ಇಲ್ಲ ಮಗು" ಅನ್ನುವ ಮಾತು ಬಂದೇ ಬರುತ್ತದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರು ಪಟ್ಟಾಗುತ್ತದೆ. ಎರಡನೇ ವರ್ಷದಲ್ಲಿ ಹೆಚ್ಚುವುದು ಎರಡೂವರೆ ಕಿಲೋ ಆಸುಪಾಸು ಅಷ್ಟೇ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆಯಾಗುತ್ತದೆ. ಈ ಲೆಕ್ಕವನ್ನು ಅಜ್ಜಿಗೆ ಹೇಳಿ ನೋಡಿ, ವಾದಕ್ಕಿಂತ ಚೆನ್ನಾಗಿ ನಾಟುತ್ತದೆ. ಏನು, ಯಾವಾಗ ಅನ್ನುವುದು ದೊಡ್ಡವರ ಕೈಲಿ. ಎಷ್ಟು ಅನ್ನುವುದು ಮಗುವಿನ ಹೊಟ್ಟೆಯ ಕೈಲಿ.

ಪಟ್ಟು ಬಿಡಬಾರದ್ದು ಗಂಟಲಿಗೆ ಸಿಕ್ಕಿಕೊಳ್ಳುವ ತಿನಿಸುಗಳ ವಿಷಯದಲ್ಲಿ. ನಾಲ್ಕು ವರ್ಷದೊಳಗೆ ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಪೆಪ್ಪರ್‌ಮಿಂಟ್ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ತಿನ್ನುವಾಗ ಓಡುವುದು ಬೇಡ, ಕೂತೇ ತಿನ್ನಲಿ. ಜೊತೆಗೆ ಬಂದ ಚಿಕ್ಕ ಕೂಸು ಒಂದು ವರ್ಷ ತುಂಬದ್ದಾದರೆ ಅದಕ್ಕೆ ಜೇನುತುಪ್ಪ ನೆಕ್ಕಿಸಬಾರದು. ಅದರಿಂದ ಬಾಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು.

"ನಾವು ನಿಮ್ಮನ್ನ ಬೆಳೆಸಲಿಲ್ವಾ?"

ಬೆಳೆಸಿದ್ದಾರೆ, ಚೆನ್ನಾಗಿಯೇ ಬೆಳೆಸಿದ್ದಾರೆ. ಅದನ್ನು ಮೊದಲು ಒಪ್ಪಿಕೊಳ್ಳಿ. ಅವರು ಅಂದು ಮಾಡಿದ್ದರಲ್ಲಿ ಎಷ್ಟೋ ಅಂದಿನ ವೈದ್ಯರೇ ಹೇಳಿದ್ದು. ಕೂಸುಗಳನ್ನು ಬೋರಲು ಮಲಗಿಸಿ ಅಂತ ಒಂದು ಕಾಲದಲ್ಲಿ ಎಷ್ಟೋ ದೇಶಗಳಲ್ಲಿ ಡಾಕ್ಟರುಗಳೇ ಹೇಳುತ್ತಿದ್ದರು. ತೊಟ್ಟಿಲಲ್ಲೇ ಆಗುವ ಸಾವುಗಳಿಗೂ ಅದಕ್ಕೂ ನಂಟಿದೆ ಅಂತ ಗೊತ್ತಾದ ಮೇಲೆ, 1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿ ಅನ್ನುವ ಪ್ರಚಾರ ಶುರುವಾಯಿತು. ಆಸ್ಪಿರಿನ್ ಕಥೆಯೂ ಹಾಗೇ. ಹಿಂದೆ ಮಕ್ಕಳ ಜ್ವರಕ್ಕೆ ಅದನ್ನು ಕೊಡುತ್ತಿದ್ದರು. ರೇ ಸಿಂಡ್ರೋಮ್ ಅನ್ನುವ ಅಪರೂಪದ, ಆದರೆ ಮೆದುಳು, ಯಕೃತ್ತಿಗೆ ಪೆಟ್ಟು ಕೊಡುವ ಕಾಯಿಲೆಗೆ ಅದರ ನಂಟು ಕಂಡಮೇಲೆ ನಿಲ್ಲಿಸಿದರು. ಅಜ್ಜನ ಡಬ್ಬಿಯಲ್ಲಿ ಹೃದಯಕ್ಕೆ ಅಂತ ಆಸ್ಪಿರಿನ್ ಇರಬಹುದು, ಅದಕ್ಕೇ ಈ ಮಾತು. "ನೀವು ತಪ್ಪು ಮಾಡಿದಿರಿ" ಅನ್ನೋದಕ್ಕಿಂತ "ಈಗ ಡಾಕ್ಟರ್ ಹೇಳೋದು ಬದಲಾಗಿದೆ ಅಪ್ಪಾ" ಅಂದರೆ ಯಾರ ಮುಖವೂ ಸಣ್ಣದಾಗುವುದಿಲ್ಲ.

ಯಾವುದಕ್ಕೆ ಜಗಳವಾಡಬೇಕು ಅಂತ ಮೊದಲೇ ತೀರ್ಮಾನಿಸಿ. ಔಷಧಿ, ಕಾರ್ ಸೀಟ್, ನೀರು, ಬೆಂಕಿ, ಗಂಟಲಿಗೆ ಸಿಕ್ಕುವ ತಿನಿಸು, ಇವುಗಳಲ್ಲಿ ರಾಜಿ ಇಲ್ಲ. ಇಷ್ಟು ಬಿಟ್ಟು ಉಳಿದದ್ದರಲ್ಲಿ ಮುಕ್ಕಾಲು ಪಾಲು ನುಂಗಿಕೊಳ್ಳಬಹುದು. ಎರಡು ಬಿಸ್ಕತ್ತು ಜಾಸ್ತಿ ತಿಂದರೆ, ತೊಡೆ ಮೇಲೆ ಮಲಗಿಸಿದರೆ, ಅಂಗಿ ತಿರುಗಮುರುಗ ಹಾಕಿದರೆ ಏನೂ ಆಗುವುದಿಲ್ಲ. ಫೋನಲ್ಲಿ ಕಾರ್ಟೂನ್ ತೋರಿಸೋದು ನಡುವಿನ ವಿಷಯ. ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಬೇಡ ಅನ್ನುವ ಮೊದಲು ಬದಲಿಗೆ ಏನು ಅಂತ ಕೊಡಿ, ಬಟ್ಟೆ ಬುಟ್ಟಿ ಇದೆಯಲ್ಲ. ಹೇಳುವುದಿದ್ದರೆ ಮಗು ಮಲಗಿದ ಮೇಲೆ, ಒಂದೇ ಸಲ, ಗೊಣಗದೆ ಹೇಳಿ.

ಮಗು ನೆಲಕ್ಕೆ ಬಿದ್ದು ಹೊರಳಾಡಿ ಅಳತೊಡಗಿದಾಗ ನಾಲ್ಕು ಜನ ದೊಡ್ಡವರು ಸುತ್ತ ನಿಂತು ನಾಲ್ಕು ಥರ ಸಮಾಧಾನ ಮಾಡಿದರೆ ಅಳು ಜಾಸ್ತಿಯಾಗುತ್ತದೆ. ಒಬ್ಬರು ಪಕ್ಕ ಕೂರಲಿ, ಉಳಿದವರು ಕೋಣೆ ಬಿಟ್ಟು ಹೋಗಲಿ. ಆ ಒಬ್ಬರು ಅಪ್ಪನೋ ಅಮ್ಮನೋ ಆಗಿರಲಿ.

ಮಗುವನ್ನು ಅವರ ಹತ್ತಿರ ಬಿಟ್ಟು ಹೊರಗೆ ಹೋಗುವುದಾದರೆ

ಮೊದಲ ದಿನ ಬೇಡ. ಎರಡನೇ ದಿನ ಅರ್ಧ ಗಂಟೆ, ಮೂರನೇ ದಿನ ಬೇಕಾದರೆ ಎರಡು ಗಂಟೆ. ಅವರಿಗೆ ಒಪ್ಪಿಗೆ ಇದೆಯಾ ಅಂತ ಕೇಳಿ, ಇರುತ್ತದೆ ಅಂದುಕೊಂಡು ಹೊರಡಬೇಡಿ. ಕದ್ದು ಹೋಗಬೇಡಿ. ಮಗುವಿನ ಕಣ್ಣೆದುರೇ "ಹೋಗಿ ಬರ್ತೀನಿ, ಊಟದ ಹೊತ್ತಿಗೆ ಬರ್ತೀನಿ" ಅಂತ ಹೇಳಿ ಹೊರಡಿ. ಅಳುತ್ತದೆ, ಅಳಲಿ. ಕದ್ದು ಹೋದರೆ ಆಮೇಲೆ ನೀವು ಬಾತ್‌ರೂಮಿಗೆ ಹೋದರೂ ಬಾಗಿಲು ಬಡಿಯುತ್ತದೆ.

ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ, ಕನ್ನಡಕ ಇಲ್ಲದೆಯೂ ಓದುವಷ್ಟು ದೊಡ್ಡದಾಗಿ:

- ನಿಮ್ಮಿಬ್ಬರ ಫೋನ್ ನಂಬರ್, ತುರ್ತು ಸೇವೆಯ ನಂಬರ್, ಮಗುವಿನ ಡಾಕ್ಟರ್ ನಂಬರ್
- ಮನೆಯ ಪೂರ್ತಿ ವಿಳಾಸ (ಗಾಬರಿಯಲ್ಲಿ ಅತಿಥಿಗಳಿಗೆ ಇದೇ ನೆನಪಿಗೆ ಬರುವುದಿಲ್ಲ)
- ಮಗುವಿನ ತೂಕ, ಅಲರ್ಜಿ ಇದ್ದರೆ ಅದು
- ಮಲಗುವ ಹೊತ್ತು, ಮಲಗುವಾಗ ಬೇಕಾಗುವ ಬೊಂಬೆಯ ಹೆಸರು

ಹೊರಡುವ ಮೊದಲು, ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ಒಂದು ಸಲ ಮಾತಾಡಿಕೊಳ್ಳಿ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ ಬಿಡಿ. ದನಿಯೇ ಬರುತ್ತಿಲ್ಲ, ಉಸಿರಾಡಲು ಆಗುತ್ತಿಲ್ಲ ಅಂದರೆ ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನ ಮೇಲೆ, ಎರಡು ಭುಜದ ಎಲುಬುಗಳ ನಡುವೆ, ಅಂಗೈ ಬುಡದಿಂದ 5 ಪೆಟ್ಟು. ಹೋಗದಿದ್ದರೆ ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹಿಡಿದು ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ 5 ಸಲ ಒತ್ತಬೇಕು. ಅದು ಹೊರಗೆ ಬರುವವರೆಗೂ ಒಂದಾದ ಮೇಲೊಂದು ಮಾಡುತ್ತಿರಬೇಕು, ಇನ್ನೊಬ್ಬರು ತುರ್ತು ಸೇವೆಗೆ ಫೋನ್ ಮಾಡಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬಾರದು, ಇನ್ನೂ ಒಳಗೆ ಹೋಗುತ್ತದೆ.

ಅವರೇ ಕಾರಿನಲ್ಲಿ ಕರೆದುಕೊಂಡು ಹೋಗುವುದಾದರೆ ಕಾರ್ ಸೀಟಿನ ಬಕಲ್ ಹಾಕುವುದನ್ನು ಅವರ ಕೈಯಲ್ಲೇ ಮಾಡಿಸಿ. ಆ ಕೆಂಪು ಗುಂಡಿ ಒತ್ತೋಕೆ ಗಟ್ಟಿ, ಬೆರಳು ನೋವಿರುವವರಿಗೆ ಆಗುವುದೇ ಇಲ್ಲ. ಆಗದಿದ್ದರೆ ಕಾರು ಬೇಡ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಬರಬಾರದು, ಬಂದರೆ ಸಡಿಲ ಇದೆ ಅಂತ ಅರ್ಥ. ದಪ್ಪ ಜಾಕೆಟ್ ತೆಗೆದು ಆಮೇಲೆ ಪಟ್ಟಿ ಹಾಕಿ.

ಹೊರಡುವ ದಿನ, ಆಮೇಲೆ

"ಮಗು ಮಲಗಿದಾಗ ಹೊರಟುಬಿಡೋಣ, ಅಳು ನೋಡೋಕಾಗಲ್ಲ" ಅನ್ನುತ್ತಾರೆ. ಬೇಡ. ಎದ್ದು ನೋಡಿದರೆ ಅಜ್ಜಿ ಇಲ್ಲ ಅನ್ನುವುದು ಮಗುವಿಗೆ ಇನ್ನೂ ಕಷ್ಟ. ಬೆಳಿಗ್ಗೆಯೇ ಸೂಟ್‌ಕೇಸ್ ತುಂಬುವಾಗ ಮಗುವನ್ನೂ ಸೇರಿಸಿಕೊಳ್ಳಿ, ಮಡಿಸಿದ ಬಟ್ಟೆ ತಂದು ಕೊಡಲಿ. "ಅಜ್ಜಿ ತಮ್ಮ ಮನೆಗೆ ಹೋಗ್ತಾರೆ" ಅಂತ ಎರಡು ಮೂರು ಸಲ ಹೇಳಿ. ಬಾಗಿಲಲ್ಲಿ ಟಾಟಾ ಮಾಡುವುದು ಚಿಕ್ಕದಾಗಿರಲಿ. ಮತ್ತೆ ಮತ್ತೆ ವಾಪಸ್ ಬಂದು ಮುದ್ದಿಸಿದರೆ ಅಳು ಪ್ರತಿ ಸಲವೂ ಮೊದಲಿಂದ ಶುರು.

ಮುಂದಿನ ಎರಡು ಮೂರು ದಿನ ಮಗು ರಾತ್ರಿ ಏಳಬಹುದು, ನಿಮಗೆ ಅಂಟಿಕೊಳ್ಳಬಹುದು, ಅತಿಥಿಗಳ ಕೋಣೆಗೆ ಹೋಗಿ ಹುಡುಕಬಹುದು. ಅವರು ಹೊರಟ ರಾತ್ರಿಯಿಂದಲೇ ಹಳೇ ಹೊತ್ತಿಗೆ ಸ್ನಾನ, ಹಳೇ ಹೊತ್ತಿಗೆ ಕಥೆ, ಹಳೇ ಹೊತ್ತಿಗೆ ದೀಪ ಆರಿಸುವುದು. ಅವರು ತಲುಪಿದ ಮೇಲೆ ಅದೇ ಟವೆಲ್ ಆಟದ ವಿಡಿಯೊ ಕರೆ ಮತ್ತೆ ಶುರು ಮಾಡಬಹುದು.

ಇನ್ನೊಂದು ಕೆಲಸ ಅದೇ ಸಂಜೆ ಆಗಬೇಕು, ಮಗು ಆ ಕೋಣೆಗೆ ಕಾಲಿಡುವ ಮೊದಲು. ಟಾರ್ಚ್ ಹಿಡಿದು ಮಂಚದ ಕೆಳಗೆ, ಹಾಸಿಗೆ ಮತ್ತು ಗೋಡೆಯ ಸಂದಿಯಲ್ಲಿ, ಸೋಫಾದ ಮೆತ್ತೆಯ ಅಡಿ, ಬಾತ್‌ರೂಮಿನ ಮೂಲೆಯಲ್ಲಿ ನೋಡಿ. ಕೈಜಾರಿ ಬಿದ್ದ ಒಂದು ಮಾತ್ರೆ, ಹಿಯರಿಂಗ್ ಏಡಿನ ಹಳೇ ಸೆಲ್, ಬಟ್ಟೆಯ ಪಿನ್ನು, ಇಂಥದ್ದು ಸಿಕ್ಕೇ ಸಿಗುತ್ತದೆ. ಗುಡಿಸಿ, ಒಮ್ಮೆ ಒರೆಸಿ, ಮೇಲಿನ ಶೆಲ್ಫಿನಲ್ಲಿ ಅವರ ಮಾತ್ರೆ ಏನಾದರೂ ಉಳಿದಿದೆಯಾ ಅಂತಲೂ ನೋಡಿಬಿಡಿ. ಉಳಿದಿದ್ದರೆ ತಕ್ಷಣ ಫೋನ್ ಮಾಡಿ, ಅವರಿಗೆ ರಾತ್ರಿಯ ಮಾತ್ರೆ ಬೇಕಾಗುತ್ತದೆ.